ನಮ್ಮ ದೇಶದ ಹೆಸರುಗಳು: ಹುಟ್ಟು ಮತ್ತು ಅರ್ಥ



ನಮ್ಮ ದಾದಿ ದೇಶವನ್ನು ‘ಹಿಂದೂಸ್ತಾನ್’ ಎನ್ನುತ್ತಾರೆ. ತಮ್ಮನ ಕನ್ನಡ ಪಾಠದಲ್ಲಿ ‘ಭಾರತ’ ಎಂದಿದೆ. ನನ್ನ ಕಾಮರ್ಸ್ ಪುಸ್ತಕದಲ್ಲಿ ‘ಇಂಡಿಯಾ’. ‘ದಾದಿ ಹೇಳುವುದು ತಪ್ಪಲ್ವಾ?’ ಎಂದು ತಮ್ಮ ಒಂದು ದಿನ ಅವರೆದುರೇ ಕೇಳಿದ. ದಾದಿ ಸುಮ್ಮನಾದರು. ನನಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಭಾರತ: ಋಗ್ವೇದದಲ್ಲಿ ‘ಭರತ’ ಎಂಬುದು ಒಂದು ಕುಲದ ಹೆಸರು. ಮಹಾಭಾರತದಲ್ಲಿ ಭರತನು ದುಷ್ಯಂತ-ಶಕುಂತಲೆಯರ ಮಗ. ಜೈನರ ಪ್ರಕಾರ ಬಾಹುಬಲಿಯ ಅಣ್ಣ ಭರತ ಚಕ್ರವರ್ತಿಯಿಂದ ಈ ಹೆಸರು ಬಂತು. ಕ್ರಿ.ಶ. 941ರಲ್ಲಿ ಪಂಪ ರಚಿಸಿದ ಆದಿಪುರಾಣದಲ್ಲಿ ಈ ಭರತನ ಕಥೆಯಿದೆ.

ಹಿಂದೂಸ್ತಾನ್: ಇದರ ಮೂಲ ಸಿಂಧೂ ನದಿ. ಸಂಸ್ಕೃತದ ‘ಸ’ಕಾರ ಇರುವಲ್ಲಿ ಪರ್ಷಿಯನ್ನಿನಲ್ಲಿ ಹಲವು ಕಡೆ ‘ಹ’ಕಾರ ಬರುತ್ತದೆ. ಏಳು ದಿನಕ್ಕೆ ಕನ್ನಡದಲ್ಲಿ ‘ಸಪ್ತಾಹ’, ನಮ್ಮ ಮನೆಯ ಉರ್ದುವಿನಲ್ಲಿ ‘ಹಫ್ತಾ’. ಹಾಗೆಯೇ ‘ಸಿಂಧು’ ‘ಹಿಂದು’ ಆಯಿತು. ‘ಸ್ತಾನ್’ ಎಂದರೆ ನಾಡು; ನಮ್ಮ ‘ಸ್ಥಾನ’ದ ಸಂಬಂಧಿ ಪದ. ಅಂದರೆ ‘ಹಿಂದು’ ಮೊದಲಿಗೆ ಧರ್ಮದ ಹೆಸರಲ್ಲ, ನದಿಯ ಮತ್ತು ನೆಲದ ಹೆಸರು.

ಇಂಡಿಯಾ: ಪರ್ಷಿಯನ್ನರಿಂದ ಈ ಹೆಸರು ಪಡೆದ ಗ್ರೀಕರ ಬಾಯಲ್ಲಿ ‘ಹ’ಕಾರ ಬಿದ್ದುಹೋಗಿ ನದಿ ‘ಇಂಡೋಸ್’ ಆಯಿತು. ಅದರಿಂದ ‘ಇಂಡಿಯಾ’. ಹಾಗಾಗಿ ಹಿಂದೂಸ್ತಾನ್, ಇಂಡಿಯಾ ಎರಡೂ ಒಂದೇ ನದಿಯ ಮಕ್ಕಳು.

ಅರಬರು ನಮ್ಮ ದೇಶವನ್ನು ‘ಹಿಂದ್’ ಎಂದರು. ನಮ್ಮ ಸಂತೆಯಲ್ಲಿ ಸಿಗುವ ಹುಣಸೆಹಣ್ಣಿಗೆ ಅವರು ಇಟ್ಟ ಹೆಸರು ‘ತಮರ್ ಹಿಂದಿ’, ಅಂದರೆ ಹಿಂದ್ ದೇಶದ ಖರ್ಜೂರ. ಇಂಗ್ಲಿಷಿನ ‘ಟ್ಯಾಮರಿಂಡ್’ ಅದರಿಂದಲೇ ಬಂತು. ವ್ಯಾಪಾರದ ಸರಕಿನ ಜೊತೆ ದೇಶದ ಹೆಸರೂ ಹಡಗು ಹತ್ತಿದೆ!

ಸಂವಿಧಾನ ಸಭೆ 1949ರ ಸೆಪ್ಟೆಂಬರ್ 18ರಂದು ಹೆಸರಿನ ಬಗ್ಗೆ ಚರ್ಚಿಸಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ‘ಭಾರತ’ಕ್ಕೆ ಮೊದಲ ಸ್ಥಾನ ಕೊಡಲು ತಿದ್ದುಪಡಿ ತಂದರು. ಅದು ಬಿದ್ದುಹೋಯಿತು. ಆದರೆ ಇಂಡಿಯಾ, ಭಾರತ ಎರಡೂ ಹೆಸರುಗಳು ಒಂದನೇ ವಿಧಿಯಲ್ಲಿ ಉಳಿದವು. ಜೇಬಿನಲ್ಲಿರುವ ನಾಣ್ಯ ನೋಡಿ, ಎರಡೂ ಇವೆ. ಹತ್ತು ರೂಪಾಯಿ ನೋಟು ತಿರುಗಿಸಿ ನೋಡಿ, ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಈಗ ಅವನು ದಾದಿಯನ್ನು ತಿದ್ದುವುದಿಲ್ಲ. ದಾದಿಯೂ ಅವನ ಪಾಠ ಕೇಳುತ್ತಾ ‘ಭಾರತ್’ ಎನ್ನುತ್ತಾರೆ.

ನಮ್ಮ ಜಿಲ್ಲಾ ಕೇಂದ್ರ ಚಾಮರಾಜನಗರಕ್ಕೆ ಹಿಂದೆ ಅರಿಕುಠಾರ ಎಂಬ ಹೆಸರಿತ್ತು. ನಿಮ್ಮ ಊರಿನ ಹಳೆಯ ಹೆಸರೇನು? ಮನೆಯ ಹಿರಿಯರನ್ನು ಕೇಳಿ, ಮುಂದಿನ ಸಂಚಿಕೆಗೆ ಬರೆಯಿರಿ.