ಮನೆಯಲ್ಲಿ ಇಂಗ್ಲಿಷ್ ಕಾಗುಣಿತದ ಅಭ್ಯಾಸ: ಕನ್ನಡ ಮಾಧ್ಯಮದ ಪ್ರಾಥಮಿಕ ಶಿಕ್ಷಕರಿಗೆ ಕೆಲವು ಸೂಚನೆಗಳು

ಪೀಠಿಕೆ

1956ರ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದ ಬಳಿಕವೂ ಇಲ್ಲಿನ ಕನ್ನಡ ಶಾಲೆಗಳು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಕನ್ನಡದಲ್ಲಿಯೇ ವಿದ್ಯೆಯನ್ನು ನೀಡುತ್ತ ಬಂದಿವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೈವಳಿಕೆ ಮೊದಲಾದೆಡೆಗಳ ತರಗತಿಗಳಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡಗಳನ್ನು ಮನೆಮಾತಾಗಿ ಉಳ್ಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಅವರಲ್ಲಿ ಅನೇಕರಿಗೆ ಇಂಗ್ಲಿಷ್ ಮೂರನೆಯ ಅಥವಾ ನಾಲ್ಕನೆಯ ಭಾಷೆ.

‘ಕನ್ನಡ ಮಾಧ್ಯಮಕ್ಕೆ ಸೇರಿಸಿದರೆ ಮಗುವಿಗೆ ಇಂಗ್ಲಿಷ್ ಬಾರದು’ ಎಂಬ ಅಂಜಿಕೆಯಿಂದಲೇ ಹಲವು ಪೋಷಕರು ಊರಿನ ಶಾಲೆಯನ್ನು ಬಿಟ್ಟು ಬೇರೆಡೆಗೆ ನೋಡುತ್ತಾರೆ. ಮಗುವಿನ ಪುಸ್ತಕದಲ್ಲಿ ಕೆಂಪು ಶಾಯಿಯ ಗುರುತುಗಳು ಹೆಚ್ಚಿದಷ್ಟೂ ಆ ಅಂಜಿಕೆ ಬಲಿಯುತ್ತದೆ. ಆದುದರಿಂದ ಕಾಗುಣಿತವು ಸಣ್ಣ ವಿಷಯವೆಂದು ತೋರಿದರೂ ಅದು ಮಗುವಿನ ಆತ್ಮವಿಶ್ವಾಸಕ್ಕೂ ಶಾಲೆಯ ಮೇಲಿನ ನಂಬಿಕೆಗೂ ಸಂಬಂಧಿಸಿದುದಾಗಿದೆ. ಇಂಗ್ಲಿಷ್ ಅರಿಯದ ತಾಯಿ ತಂದೆಯರೂ ಮನೆಯಲ್ಲಿ ಮಗುವಿಗೆ ನೆರವಾಗುವಂತೆ ಶಿಕ್ಷಕರು ದಾರಿ ಮಾಡಿಕೊಡುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ತಪ್ಪಿನ ಹಿಂದಿರುವ ತರ್ಕ

ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಚ್ಚಾರ. ‘ಕ’ ಎಂಬುದನ್ನು ‘ಕ’ ಎಂದೇ ಕರೆಯುತ್ತೇವೆ, ‘ಕ’ ಎಂದೇ ಓದುತ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ‘ಎಚ್’ ಎಂಬ ಹೆಸರಿನಲ್ಲಿ ‘ಹ’ಕಾರದ ಸುಳಿವಿಲ್ಲ, ‘ಡಬ್ಲ್ಯು’ ಎಂಬುದರಲ್ಲಿ ‘ವ’ಕಾರ ಕೇಳಿಸುವುದಿಲ್ಲ. ಇಪ್ಪತ್ತಾರು ಅಕ್ಷರಗಳು ಸುಮಾರು ನಲವತ್ತನಾಲ್ಕು ಧ್ವನಿಗಳ ಭಾರವನ್ನು ಹೊರಬೇಕಾಗಿರುವುದರಿಂದ ಒಂದೇ ಅಕ್ಷರ ಹಲವು ಧ್ವನಿಗಳಿಗೂ, ಒಂದೇ ಧ್ವನಿ ಹಲವು ಅಕ್ಷರಗಳಿಗೂ ಹಂಚಿಹೋಗಿದೆ.

ಈ ಹಿನ್ನೆಲೆಯಲ್ಲಿ ಮಕ್ಕಳ ತಪ್ಪುಗಳನ್ನು ನೋಡಿದರೆ ಅವು ಅಡ್ಡಾದಿಡ್ಡಿಯಾದವುಗಳಲ್ಲವೆಂದು ತಿಳಿಯುತ್ತದೆ.

1. ‘ಬಸ್’ ಎಂಬುದನ್ನು ಮಗು ಬಿ-ಎ-ಎಸ್ ಎಂದು ಬರೆಯುತ್ತದೆ. ರಮ, ಕಮಲ ಮುಂತಾದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಅ’ಕಾರಕ್ಕೆ ‘ಎ’ ಅಕ್ಷರವನ್ನು ಬಳಸಿದ ಅನುಭವ ಅದಕ್ಕೆ ಕಾರಣ.
2. ಕೆಲವರು ಸ್ವರಾಕ್ಷರವನ್ನೇ ಬಿಟ್ಟುಬಿಡುತ್ತಾರೆ. ಕನ್ನಡದ ವ್ಯಂಜನಾಕ್ಷರದಲ್ಲಿ ‘ಅ’ಕಾರ ಅಡಗಿರುವುದರಿಂದ ‘ಬಿ’ ಎಂಬ ಅಕ್ಷರವೊಂದೇ ‘ಬ’ ಆಗುವುದೆಂದು ಅವರು ಭಾವಿಸುತ್ತಾರೆ.
3. ‘ವಿಂಡೋ’ ಎಂಬುದು ‘ವಿ’ ಅಕ್ಷರದಿಂದಲೂ, ‘ಝೂ’ ಎಂಬುದು ‘ಜೆ’ ಅಕ್ಷರದಿಂದಲೂ ಆರಂಭವಾಗುತ್ತವೆ. ಕನ್ನಡದ ಕಿವಿಗೆ ಈ ಜೋಡಿಗಳು ಒಂದೇ ಆಗಿ ಕೇಳಿಸುತ್ತವೆ.

ಇಂತಹ ತಪ್ಪು ಮಗುವಿನ ದಡ್ಡತನದ ಗುರುತಲ್ಲ. ತಾನು ಬಲ್ಲ ಲಿಪಿಯ ನಿಯಮವನ್ನು ಹೊಸ ಲಿಪಿಗೆ ಅನ್ವಯಿಸಿದುದರ ಗುರುತು. ಈ ಮಾತನ್ನು ಮಗುವಿಗೂ ಪೋಷಕರಿಗೂ ಬಾಯಿಬಿಟ್ಟು ಹೇಳುವುದು ಅಗತ್ಯ.

ಪದಪಟ್ಟಿಯ ಬದಲು ಪದಕುಟುಂಬ

ತಪ್ಪಿದ ಪದವನ್ನು ಹತ್ತು ಬಾರಿ ಬರೆದುಕೊಂಡು ಬರಲು ಹೇಳುವ ರೂಢಿ ಇನ್ನೂ ಇದೆ. ಮಗು ಮೊದಲು ಹತ್ತು ಸಾಲುಗಳಲ್ಲಿ ಮೊದಲನೆಯ ಅಕ್ಷರವನ್ನೇ ಬರೆದು, ಬಳಿಕ ಎರಡನೆಯದನ್ನು ಬರೆಯುವುದನ್ನು ಎಲ್ಲ ಶಿಕ್ಷಕರೂ ಕಂಡಿದ್ದಾರೆ. ಅಲ್ಲಿ ಕೈ ದುಡಿಯುತ್ತದೆ, ಮನಸ್ಸು ದುಡಿಯುವುದಿಲ್ಲ.

ಕನ್ನಡದ ಕಾಗುಣಿತಕ್ಕೆ ಕ, ಕಾ, ಕಿ, ಕೀ ಎಂಬ ಸರಣಿ ಇರುವಂತೆ ಇಂಗ್ಲಿಷಿಗೆ ಒಂದೇ ಸರಣಿ ಇಲ್ಲವಾದರೂ ಪದಗಳ ಕುಟುಂಬಗಳಿವೆ. ವಾರಕ್ಕೆ ಒಂದು ಕುಟುಂಬ, ಅದರಲ್ಲಿ ಆರರಿಂದ ಎಂಟು ಪದಗಳು ಸಾಕು. ಎರಡರಿಂದ ನಾಲ್ಕನೆಯ ತರಗತಿಯವರೆಗೆ ಈ ಕ್ರಮವನ್ನು ಅನುಸರಿಸಬಹುದು.

ಮೊದಲ ಹಂತ: ಎ-ಟಿ ಕೊನೆಯಲ್ಲಿರುವ ಕ್ಯಾಟ್, ಬ್ಯಾಟ್, ರ‍್ಯಾಟ್, ಮ್ಯಾಟ್, ಹ್ಯಾಟ್. ಮೊದಲ ಅಕ್ಷರ ಮಾತ್ರ ಬದಲಾಗುತ್ತದೆ.

ಎರಡನೆಯ ಹಂತ: ಪದದ ಕೊನೆಯ ಮೌನ ‘ಇ’. ಕ್ಯಾಪ್ ಎಂಬುದಕ್ಕೆ ‘ಇ’ ಸೇರಿದರೆ ಕೇಪ್, ಕಿಟ್ ಎಂಬುದಕ್ಕೆ ಸೇರಿದರೆ ಕೈಟ್, ಟಬ್ ಎಂಬುದಕ್ಕೆ ಸೇರಿದರೆ ಟ್ಯೂಬ್. ಈ ‘ಇ’ ತಾನು ಮಾತನಾಡದೆ ಹಿಂದಿನ ಸ್ವರದ ಉಚ್ಚಾರವನ್ನು ಬದಲಿಸುತ್ತದೆ.

ಮೂರನೆಯ ಹಂತ: ಸ್ಥಾನವನ್ನು ಅನುಸರಿಸುವ ಜೋಡಿಗಳು. ‘ಏ’ ಎಂಬ ಧ್ವನಿ ಪದದ ನಡುವೆ ಬಂದಾಗ ರೇನ್, ಟ್ರೇನ್, ಮೇಲ್ ಎಂಬಲ್ಲಿರುವಂತೆ ಎ-ಐ. ಕೊನೆಯಲ್ಲಿ ಬಂದಾಗ ಡೇ, ಪ್ಲೇ, ಮೇ ಎಂಬಲ್ಲಿರುವಂತೆ ಎ-ವೈ. ಹಾಗೆಯೇ ಹ್ರಸ್ವ ಸ್ವರದ ಬಳಿಕ ಪದಾಂತ್ಯದಲ್ಲಿ ‘ಕ್’ ಬಂದರೆ ಡಕ್, ಬ್ಯಾಕ್, ಕ್ಲಾಕ್ ಎಂಬಲ್ಲಿರುವಂತೆ ಸಿ-ಕೆ.

ಪ್ರತಿಯೊಂದು ನಿಯಮಕ್ಕೂ ಅಪವಾದಗಳಿವೆ. ಹ್ಯಾವ್, ಗಿವ್, ಕಮ್ ಎಂಬ ಪದಗಳ ಕೊನೆಯಲ್ಲಿ ಮೌನ ‘ಇ’ ಇದ್ದರೂ ಸ್ವರ ದೀರ್ಘವಾಗುವುದಿಲ್ಲ. ಇಂತಹವುಗಳನ್ನು ‘ಮಾತು ಕೇಳದ ಪದಗಳು’ ಎಂದು ಹೆಸರಿಸಿ ಗೋಡೆಯ ಮೇಲೆ ಪ್ರತ್ಯೇಕವಾಗಿ ಬರೆದಿಡಬಹುದು. ನಿಯಮ ಗಟ್ಟಿಯಾಗುವ ಮೊದಲು ಅಪವಾದವನ್ನು ಕಲಿಸಬಾರದು.

ಸ್ಥಳನಾಮಗಳನ್ನು ಈ ಅಭ್ಯಾಸದಿಂದ ಹೊರಗಿಡಬೇಕು. ಕಾಸರಗೋಡು ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ‘ಆರ್’ ಅಕ್ಷರದ ಬಳಿಕ ‘ಎ’ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಕೊನೆಗೊಂದು ‘ಇ’ ಸೇರಿಸುವುದೂ ಉಂಟು. ಊರಿನ ಹೆಸರು ಕಿವಿಗೆ ಕೇಳಿದಂತೆ ಬರೆದುದು. ಅದರಲ್ಲಿ ಇಂಗ್ಲಿಷಿನ ವಿನ್ಯಾಸವನ್ನು ಹುಡುಕಬಾರದು.

ಮನೆಯ ಹತ್ತು ನಿಮಿಷ

ಮನೆಯ ಅಭ್ಯಾಸಕ್ಕೆ ಬೇಕಾದುದು ಚಿತ್ರಚೀಟಿಗಳು. ಚೀಟಿಯ ಮುಂಬದಿಯಲ್ಲಿ ಮಗುವೇ ಚಿತ್ರವನ್ನು ಬರೆಯಲಿ. ಹಿಂಬದಿಯಲ್ಲಿ ಶಿಕ್ಷಕರು ಪದವನ್ನು ದೊಡ್ಡ ಅಕ್ಷರಗಳಲ್ಲಿ ಸ್ಪಷ್ಟವಾಗಿ ಬರೆಯಲಿ. ಹಳೆಯ ಕ್ಯಾಲೆಂಡರಿನ ಕಾಗದ ಇದಕ್ಕೆ ಧಾರಾಳ ಸಾಕು.

1. ಮಗು ಚೀಟಿಯ ಹಿಂಬದಿಯನ್ನು ನೋಡಿ ಪದವನ್ನು ಹೇಳುತ್ತದೆ. ಕಷ್ಟದ ಅಕ್ಷರವನ್ನು ಬೆರಳಿನಿಂದ ತೋರಿಸುತ್ತದೆ.
2. ಮನೆಯವರು ಚೀಟಿಯನ್ನು ತೆಗೆದುಕೊಂಡು ಚಿತ್ರವನ್ನು ಮಾತ್ರ ತೋರಿಸುತ್ತಾರೆ, ಅಥವಾ ಮನೆಮಾತಿನಲ್ಲಿ ಹೆಸರು ಹೇಳುತ್ತಾರೆ. ತುಳುವಿನಲ್ಲಿ ‘ಪುಚ್ಚೆ’ ಎಂದರೂ ಮಲಯಾಳದಲ್ಲಿ ‘ಪೂಚ್ಚ’ ಎಂದರೂ ಮಗು ಬರೆಯುವುದು ಸಿ-ಎ-ಟಿ ಎಂದೇ.
3. ಮಗು ನೋಡದೆ ಬರೆಯುತ್ತದೆ. ಸ್ಲೇಟು, ಅಂಗಳದ ಮರಳು, ಅಡಿಕೆ ಹಾಳೆ, ಯಾವುದಾದರೂ ಆಗಬಹುದು.
4. ಚೀಟಿಯನ್ನು ತಿರುಗಿಸಿ ಇಬ್ಬರೂ ಸೇರಿ ಅಕ್ಷರಕ್ಕೆ ಅಕ್ಷರವನ್ನು ಹೋಲಿಸುತ್ತಾರೆ. ತಪ್ಪಿದ್ದರೆ ಆ ಅಕ್ಷರದ ಕೆಳಗೆ ಗೆರೆ ಎಳೆದು ಇನ್ನೊಮ್ಮೆ ಪ್ರಯತ್ನಿಸುತ್ತಾರೆ.

ಈ ಉಕ್ತಲೇಖನಕ್ಕೆ ಇಂಗ್ಲಿಷ್ ಬಲ್ಲವರು ಬೇಕಿಲ್ಲ. ಅಕ್ಷರದ ಆಕಾರವನ್ನು ಹೋಲಿಸಬಲ್ಲ ಅಜ್ಜಿಯೂ ಪರೀಕ್ಷಕಿಯಾಗಬಲ್ಲಳು. ಕೂಲಿ ಕೆಲಸ ಮುಗಿಸಿ ಬಂದ ತಂದೆಗೂ ಬೀಡಿ ಸುರುಟುತ್ತ ಕುಳಿತ ತಾಯಿಗೂ ಇದು ಹೊರೆಯಾಗದು. ಹತ್ತು ನಿಮಿಷ ಮೀರಬಾರದು, ದಿನವೂ ನಡೆಯಬೇಕು.

ಪದದ ಕೆಳಗೆ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವ ಅಭ್ಯಾಸದ ಬಗ್ಗೆ ಒಂದು ಮಾತು. ಹೊಸ ಪದವನ್ನು ಮೊದಲ ಬಾರಿ ಹೇಳಲು ಅದು ಊರುಗೋಲಾಗಬಹುದು. ಆದರೆ ಕನ್ನಡದ ಸಾಲು ಅಲ್ಲಿಯೇ ಉಳಿದರೆ ಮಗು ಇಂಗ್ಲಿಷ್ ಅಕ್ಷರಗಳ ಕಡೆಗೆ ನೋಡುವುದೇ ಇಲ್ಲ. ಎರಡನೆಯ ದಿನ ಅದನ್ನು ಅಳಿಸಿಹಾಕುವುದು ಲೇಸು.

ಪೋಷಕರೊಂದಿಗೆ

ಕ್ಲಾಸ್ ಪಿ.ಟಿ.ಎ. ಸಭೆಯಲ್ಲಿ ಈ ಕ್ರಮವನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ಒಂದು ಮಗು ಮತ್ತು ಒಬ್ಬ ತಾಯಿಯಿಂದ ಮಾಡಿಸಿ ತೋರಿಸುವುದು ಒಳ್ಳೆಯದು. ‘ನಮಗೆ ಇಂಗ್ಲಿಷ್ ಬರುವುದಿಲ್ಲ ಮಾಷ್ಟ್ರೇ’ ಎಂದು ಹಿಂಜರಿಯುವವರನ್ನೇ ಮೊದಲು ಕರೆಯಬೇಕು. ಬೈಯುವುದು, ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸುವುದು ಬೇಡವೆಂದು ಸ್ಪಷ್ಟವಾಗಿ ತಿಳಿಸಬೇಕು.

ಮೌಲ್ಯಮಾಪನ

ವಾರಾಂತ್ಯದ ಪರೀಕ್ಷೆಯಲ್ಲಿ ಕಲಿತ ಆರು ಪದಗಳ ಜೊತೆಗೆ ಅದೇ ಕುಟುಂಬದ, ಹಿಂದೆ ಕಲಿಸದ ಎರಡು ಪದಗಳನ್ನು ಕೇಳಬೇಕು. ಕ್ಯಾಟ್, ಬ್ಯಾಟ್ ಕಲಿತ ಮಗು ‘ಫ್ಯಾಟ್’ ಎಂಬುದನ್ನು ತಾನಾಗಿ ಬರೆದರೆ ವಿನ್ಯಾಸ ಮನಸ್ಸಿಗೆ ಇಳಿದಿದೆಯೆಂದು ತಿಳಿಯಬಹುದು. ಇಲ್ಲವಾದರೆ ಅದು ಬರಿಯ ಕಂಠಪಾಠ. ಅಂಕ ನೀಡುವಾಗ ಸರಿಯಾದ ಅಕ್ಷರಗಳನ್ನು ಎಣಿಸುವುದು ನ್ಯಾಯ. ಬಿ-ಎ-ಎಸ್ ಎಂದು ಬರೆದ ಮಗು ಮೂರರಲ್ಲಿ ಎರಡನ್ನು ಸರಿಯಾಗಿ ಬರೆದಿದೆ. ಸೊನ್ನೆಯ ಬದಲು ಆ ಎರಡನ್ನು ತೋರಿಸಿಕೊಟ್ಟರೆ ಮೂರನೆಯದನ್ನು ಅದು ಹುಡುಕಿಕೊಳ್ಳುತ್ತದೆ.

ಚಟುವಟಿಕೆ

ಶಿಕ್ಷಕರು ತಮ್ಮ ತರಗತಿಯ ಐದು ಮಕ್ಕಳ ಇಂಗ್ಲಿಷ್ ಬರೆವಣಿಗೆಯಿಂದ ತಪ್ಪಿದ ಪದಗಳನ್ನು ಆರಿಸಿ, ಮೇಲೆ ಹೇಳಿದ ಮೂರು ಬಗೆಗಳಲ್ಲಿ ವಿಂಗಡಿಸಲಿ. ಯಾವ ಬಗೆ ಹೆಚ್ಚಾಗಿದೆಯೋ ಅದಕ್ಕೆ ತಕ್ಕ ಪದಕುಟುಂಬವನ್ನು ಮುಂದಿನ ವಾರದ ಮನೆ ಅಭ್ಯಾಸಕ್ಕೆ ಆರಿಸಿಕೊಳ್ಳಲಿ.