ಶುಚಿತ್ವ ಹೊಸ್ತಿಲಲ್ಲೇ ನಿಲ್ಲದಿರಲಿ

ವುಝೂ ಇಲ್ಲದೆ ನಮಾಝ್ ಇಲ್ಲ. ಆದರೆ ದಿನಕ್ಕೆ ಐದು ಬಾರಿ ಕೈಕಾಲು ತೊಳೆಯುವವರ ಓಣಿಯಲ್ಲೇ ಕಸದ ರಾಶಿ ಬಿದ್ದಿದ್ದರೆ ಏನೆನ್ನಬೇಕು?

ಈಮಾನಿಗೆ ಎಪ್ಪತ್ತಕ್ಕೂ ಮಿಕ್ಕ ಶಾಖೆಗಳಿವೆಯೆಂದೂ, ದಾರಿಯಿಂದ ಉಪದ್ರವಕಾರಿ ವಸ್ತುವನ್ನು ಸರಿಸುವುದು ಅವುಗಳಲ್ಲಿ ಅತಿ ಕಿರಿದೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಮುಸ್ಲಿಮ್). ಕಿರಿದಾದರೂ ಅದು ಈಮಾನಿನದೇ ಶಾಖೆ. ದಾರಿಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ಸರಿಸಿದವನನ್ನು ಅಲ್ಲಾಹನು ಕ್ಷಮಿಸಿದನೆಂದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಜನರು ನಡೆಯುವ ದಾರಿಯಲ್ಲೂ ಅವರು ದಣಿವಾರಿಸಿಕೊಳ್ಳುವ ನೆರಳಿನಲ್ಲೂ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಕಾರಣವೆಂಬ ಎಚ್ಚರಿಕೆಯೂ ಇದೆ. ಇಂದಿನ ಬಡಾವಣೆಗಳಲ್ಲಿ ಉದ್ಯಾನಗಳೇ ಅಂತಹ ನೆರಳಲ್ಲವೇ?

ಇದೆಲ್ಲ ನಗರಸಭೆಯ ಕೆಲಸ ಎನ್ನುವವರಿದ್ದಾರೆ. ಪೌರಕಾರ್ಮಿಕರು ಬೆಳಿಗ್ಗೆ ಗುಡಿಸಿದ್ದನ್ನು ಮಧ್ಯಾಹ್ನದೊಳಗೆ ನಾವೇ ಕೆಡಿಸಿದರೆ ಅವರೇನು ಮಾಡಿಯಾರು? ಒಡೆದ ಗಾಜನ್ನು ಅನ್ನದ ಜೊತೆ ಒಂದೇ ಚೀಲಕ್ಕೆ ತುಂಬಿದರೆ ಅದು ಚುಚ್ಚುವುದು ಅವರ ಕೈಗೆ. ದಾರಿಯ ಮುಳ್ಳು ತೆಗೆಯಬೇಕಾದವರು ಇನ್ನೊಬ್ಬರ ಕೈಗೆ ಮುಳ್ಳು ಚುಚ್ಚಬಾರದು.

ಆದುದರಿಂದ ಹಸಿ ಕಸ, ಒಣ ಕಸವನ್ನು ಮನೆಯಲ್ಲೇ ಬೇರ್ಪಡಿಸೋಣ. ಮದುವೆಯ ಎಂಜಲೆಲೆ, ಬಕ್ರೀದಿನ ಕುರ್ಬಾನಿಯ ತ್ಯಾಜ್ಯ ಎಲ್ಲಿಗೆ ಹೋಗಬೇಕೆಂದು ಜಮಾಅತ್ ಕಮಿಟಿಯು ಮೊದಲೇ ನಿರ್ಧರಿಸಲಿ. ಹಿಂದೂ, ಕ್ರೈಸ್ತ ನೆರೆಯವರನ್ನೂ ಕರೆದು ತಿಂಗಳಿಗೊಂದು ದಿನ ಉದ್ಯಾನಕ್ಕೆ ಮೀಸಲಿಡೋಣ. ಅಲ್ಲಿ ನೆಟ್ಟ ಗಿಡದ ಹಣ್ಣನ್ನು ಹಕ್ಕಿ ತಿಂದರೂ ನೆಟ್ಟವನಿಗೆ ಸದಕಾದ ಪುಣ್ಯವಿದೆ. 1992ರ 74ನೇ ಸಂವಿಧಾನ ತಿದ್ದುಪಡಿಯು 3 ಲಕ್ಷ ಹಾಗೂ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿದೆ. ಚರಂಡಿಯ, ಬೀದಿದೀಪದ ಅಹವಾಲನ್ನು ನೆರೆಯವರೆಲ್ಲ ಸೇರಿ ಅಲ್ಲಿಗೆ ಒಯ್ಯಬಹುದು.

ನಮ್ಮ ಮಸೀದಿಯನ್ನು ಒಳಹೊಕ್ಕು ನೋಡದವರೂ ನಮ್ಮ ಬೀದಿಯನ್ನು ನೋಡುತ್ತಾರೆ. ಅವರಿಗೆ ನಮ್ಮ ಧರ್ಮದ ಪರಿಚಯ ಅಲ್ಲಿಂದಲೇ ಆರಂಭವಾಗುತ್ತದೆ.