ಬಾಣಂತಿಯರ ಸಾವು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಏಕೆ?

ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತ ಬಂಧುಗಳ ಬಾಯಲ್ಲಿ ಒಂದು ಮಾತು ಆಗಾಗ ಬರುತ್ತದೆ: “ಅವರವರ ಹಣೆಬರಹ ಇದ್ದಂಗ ಆಗ್ತೈತ್ರಿ.” ದುಃಖದಲ್ಲಿ ಬರುವ ಮಾತು ಅದು, ತಪ್ಪೆನ್ನಲು ಮನಸ್ಸು ಬರುವುದಿಲ್ಲ. ಆದರೆ ಹಣೆಬರಹವೇ ಕಾರಣವಾಗಿದ್ದರೆ ಬಾಣಂತಿಯರ ಸಾವು ಎಲ್ಲ ರಾಜ್ಯಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇರಬೇಕಿತ್ತು. ಹಾಗೆ ಇಲ್ಲ.

ಗರ್ಭಿಣಿಯಾಗಿದ್ದಾಗ, ಹೆರಿಗೆಯಲ್ಲಿ ಅಥವಾ ಹೆರಿಗೆಯಾದ 42 ದಿನಗಳೊಳಗೆ ಬಸುರು-ಹೆರಿಗೆಯ ಕಾರಣದಿಂದ ಆಗುವ ಸಾವನ್ನು ತಾಯಿ ಮರಣ ಎನ್ನುತ್ತಾರೆ. 2018-20ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಒಂದು ಲಕ್ಷ ಜೀವಂತ ಜನನಗಳಿಗೆ ಅಸ್ಸಾಮಿನಲ್ಲಿ 195, ಉತ್ತರ ಪ್ರದೇಶದಲ್ಲಿ 167, ಕರ್ನಾಟಕದಲ್ಲಿ 69, ಕೇರಳದಲ್ಲಿ ಕೇವಲ 19 ತಾಯಂದಿರು ಮೃತಪಟ್ಟಿದ್ದರು. ಇಡೀ ದೇಶದ ಪ್ರಮಾಣ 97.

ಕೇರಳದ ಹೆಣ್ಣುಮಕ್ಕಳ ದೇಹವೇ ಬೇರೆಯೇ? ಖಂಡಿತ ಅಲ್ಲ. 2004-06ರಲ್ಲಿ ಅಲ್ಲಿಯೂ ಈ ಸಂಖ್ಯೆ 95 ಇತ್ತು, ನಮ್ಮಲ್ಲಿ 213. ಹದಿನಾಲ್ಕು ವರ್ಷಗಳಲ್ಲಿ ಯಾರ ವಂಶವೂ, ಯಾರ ರಕ್ತವೂ ಬದಲಾಗುವುದಿಲ್ಲ. ಬದಲಾದದ್ದು ಬೇರೆ ಸಂಗತಿಗಳು. ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು: ಎರಡೂ ರಾಜ್ಯಗಳಲ್ಲಿ ಸಾವು ಇಳಿದಿದೆ, ಆದರೆ ಅಂದು ನಮ್ಮ ಪ್ರಮಾಣ ಕೇರಳದ ಎರಡು ಪಟ್ಟಿನ ಮೇಲಿತ್ತು, 2018-20ರ ವೇಳೆಗೆ ಮೂರೂವರೆ ಪಟ್ಟು ಆಯಿತು. ಮುಂದೆ ಇದ್ದವರು ಇನ್ನೂ ವೇಗವಾಗಿ ಮುಂದೆ ಹೋದರು.

ಆಸ್ಪತ್ರೆಗೆ ಬಂದರೆ ಸಾಕೇ?

ಮನೆಯಲ್ಲಿ ಹೆರಿಗೆಯಾಗುವುದರಿಂದ ಸಾವು ಹೆಚ್ಚು ಎಂದು ನಾವೆಲ್ಲ ಕೇಳಿದ್ದೇವೆ. ಅದು ನಿಜವೇ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿದರೆ ಕರ್ನಾಟಕದಲ್ಲಿ ಶೇ. 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಕೇರಳದಲ್ಲಿ ಶೇ. 99.8. ಇಷ್ಟು ಸಣ್ಣ ವ್ಯತ್ಯಾಸದಿಂದ 19 ಮತ್ತು 69ರ ನಡುವಿನ ಅಂತರ ಹುಟ್ಟಲಾರದು. ಹಾಗಾದರೆ ಹೆಣ್ಣುಮಗಳು ಯಾವ ಸ್ಥಿತಿಯಲ್ಲಿ ಆಸ್ಪತ್ರೆಯ ಬಾಗಿಲಿಗೆ ಬಂದಳು, ಎಷ್ಟು ಹೊತ್ತಿಗೆ ಬಂದಳು ಎಂಬುದನ್ನು ನೋಡಬೇಕಾಗುತ್ತದೆ.

ಒಂದೇ ವಯಸ್ಸಿನ ಇಬ್ಬರು ಗರ್ಭಿಣಿಯರನ್ನು ಊಹಿಸಿಕೊಳ್ಳಿ. ಒಬ್ಬಳ ಹಿಮೋಗ್ಲೋಬಿನ್ 12, ಇನ್ನೊಬ್ಬಳದು 6. ದಿನ ತುಂಬಿದ ಗರ್ಭಕೋಶದ ಕಡೆಗೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಂಡು ಆ ರಕ್ತನಾಳಗಳನ್ನು ಹಿಸುಕಿ ಮುಚ್ಚಬೇಕು. ಅದು ಸಡಿಲವಾಗಿಯೇ ಉಳಿದರೆ ನಲ್ಲಿ ಬಿಟ್ಟಂತೆ ರಕ್ತ ಹೋಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವಿಗೆ ಸುಮಾರು ಎರಡು ತಾಸು ಸಾಕು. ಮೊದಲನೆಯವಳು ಒಂದು ಲೀಟರ್ ರಕ್ತ ಹೋದರೂ ವೈದ್ಯರಿಗೆ ಸ್ವಲ್ಪ ಸಮಯ ಕೊಡುತ್ತಾಳೆ. ಎರಡನೆಯವಳಿಗೆ ಅರ್ಧ ಲೀಟರ್ ಹೋದರೂ ಅಪಾಯ. ವೈದ್ಯರು ಅವರೇ, ಔಷಧಿಯೂ ಅದೇ. ಫಲಿತಾಂಶ ಮಾತ್ರ ಬೇರೆ.

ಅದೇ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಇದ್ದವರು ಕೇರಳದಲ್ಲಿ ಶೇ. 36, ಕರ್ನಾಟಕದಲ್ಲಿ ಶೇ. 48, ದೇಶದಲ್ಲಿ ಶೇ. 57.

ರಕ್ತಹೀನತೆ ಒಂಬತ್ತು ತಿಂಗಳಲ್ಲಿ ಹುಟ್ಟಿದ್ದಲ್ಲ. ಗಂಡಸರ ಊಟ, ಮಕ್ಕಳ ಊಟ ಆದ ಮೇಲೆ ಉಳಿದ ಪಲ್ಯದಲ್ಲಿ ರೊಟ್ಟಿ ಅದ್ದಿ ತಿಂದು ಬೆಳೆದ ಹುಡುಗಿಗೆ, ಮುಟ್ಟಾಗಲು ಶುರುವಾದ ಮೇಲೆ ಪ್ರತಿ ತಿಂಗಳೂ ಕಬ್ಬಿಣಾಂಶ ಕಳೆಯುತ್ತಲೇ ಇರುತ್ತದೆ. ಅವಳಿಗೆ ಹದಿನೇಳಕ್ಕೇ ಮದುವೆ ಮಾಡಿದರೆ, ತನ್ನ ಮೈ ಬೆಳೆಯುವ ಮೊದಲೇ ಇನ್ನೊಂದು ಜೀವಕ್ಕೆ ರಕ್ತ ಕೊಡಬೇಕಾಗುತ್ತದೆ. 20ರಿಂದ 24 ವರ್ಷದ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಕೇರಳದಲ್ಲಿ ಶೇ. 6, ನಮ್ಮಲ್ಲಿ ಶೇ. 21. ಶಾಲೆಯಲ್ಲಿ ಉಳಿದ ಹುಡುಗಿಯ ಮದುವೆ ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ಶಿಕ್ಷಣದ ಖರ್ಚನ್ನು ಸಂಸ್ಥಾನವೇ ಹೊರಬೇಕೆಂದು ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ 1817ರಲ್ಲಿಯೇ ಆಜ್ಞೆ ಹೊರಡಿಸಿದ್ದರು. ಎರಡು ನೂರು ವರ್ಷಗಳ ಹಿಂದಿನ ಶಾಲೆಗೂ ಇಂದಿನ ಹೆರಿಗೆ ಕೋಣೆಗೂ ಹೀಗೆ ಸಂಬಂಧವಿದೆ.

ಮೂರು ತಡಗಳು

ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೈನ್ ಎಂಬ ಇಬ್ಬರು ಸಂಶೋಧಕಿಯರು 1994ರಲ್ಲಿ ತಾಯಂದಿರ ಸಾವಿಗೆ ಮೂರು ತಡಗಳನ್ನು ಗುರುತಿಸಿದರು. ಆಸ್ಪತ್ರೆಗೆ ಹೋಗೋಣವೆಂದು ತೀರ್ಮಾನಿಸಲು ತಡ, ಹೊರಟ ಮೇಲೆ ತಲುಪಲು ತಡ, ತಲುಪಿದ ಮೇಲೆ ಸರಿಯಾದ ಚಿಕಿತ್ಸೆ ಸಿಗಲು ತಡ. ಇವುಗಳಲ್ಲಿ ಎರಡನೆಯದು ಮತ್ತು ಮೂರನೆಯದು ಮನೆಯವರ ಕೈಯಲ್ಲಿಲ್ಲ. ರಸ್ತೆ, ವಾಹನ, ಅರಿವಳಿಕೆ ತಜ್ಞರು, ರಕ್ತನಿಧಿ ಎಲ್ಲಿ ಇರುತ್ತವೋ ಅಲ್ಲಿಯ ಜನ ಬದುಕುತ್ತಾರೆ.

ನಮ್ಮ ರಾಜ್ಯದೊಳಗಿನ ಅಂತರವೂ ಇಲ್ಲಿಂದಲೇ ಅರ್ಥವಾಗುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲೂಕುಗಳಲ್ಲಿ 21 ಕಲಬುರಗಿ ವಿಭಾಗದಲ್ಲೇ ಇದ್ದವು. ಆ ಭಾಗಕ್ಕೆ 371(ಜೆ) ವಿಶೇಷ ಸ್ಥಾನ ದೊರೆತದ್ದು 2013ರಲ್ಲಿ. ನಡುವೆ 2008ರಲ್ಲಿ 108 ವಾಹನ ಬಂದದ್ದರಿಂದ ಎರಡನೆಯ ತಡ ಬಹಳ ಕಡೆ ಕಡಿಮೆಯಾಯಿತು. ಒಂದೇ ತಾಲೂಕಿನಲ್ಲಿಯೂ ಊರೊಳಗಿನ ಮನೆಗೂ ಊರಾಚೆಯ ಕೇರಿ, ತಾಂಡಾ, ಹಾಡಿಗೂ ವ್ಯತ್ಯಾಸವಿರುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ಕುಟುಂಬಗಳಲ್ಲಿ ಶಿಶುಮರಣ ಹೆಚ್ಚೆಂದು 2019-21ರ ಸಮೀಕ್ಷೆಯೂ ತೋರಿಸಿದೆ. ಇದಕ್ಕೆ ಹುಟ್ಟು ಕಾರಣವಲ್ಲ. ಹುಟ್ಟಿನ ಕಾರಣಕ್ಕೆ ಭೂಮಿ, ಶಾಲೆ, ನೀರು, ಮರ್ಯಾದೆ ಸಿಗದೆ ಹೋದದ್ದು ಕಾರಣ. ಒಮ್ಮೆ ಗದರಿಸಿ ಕಳುಹಿಸಿದ ಆಸ್ಪತ್ರೆಗೆ ಬಡವರು ಮತ್ತೆ ಬೇಗ ಬರುವುದಿಲ್ಲ. ಇದು ನಾವು ವೈದ್ಯರು, ದಾದಿಯರು ನೆನಪಿಡಬೇಕಾದ ಮಾತು.

ವಂಶದಿಂದಲೇ ಬರುವ ಕಾಯಿಲೆಗಳು ಇಲ್ಲವೆಂದಲ್ಲ. ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗ, ಜೇನುಕುರುಬ ಮುಂತಾದ ಬುಡಕಟ್ಟುಗಳಲ್ಲಿ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಕಾಯಿಲೆ ಕಂಡುಬರುತ್ತದೆ. ಅಂಥವರಿಗೆ ಕಬ್ಬಿಣದ ಮಾತ್ರೆಯೊಂದೇ ಪರಿಹಾರವಲ್ಲ, ರಕ್ತಪರೀಕ್ಷೆ ಮಾಡಿಸಲೇಬೇಕು. ಆದರೆ ಈ ಕಾಯಿಲೆಯಲ್ಲಿಯೂ ಯಾರು ಬದುಕುತ್ತಾರೆ ಎಂಬುದು ಪರೀಕ್ಷೆ ಎಷ್ಟು ಬೇಗ ಆಯಿತು ಎಂಬುದನ್ನೇ ಅವಲಂಬಿಸಿದೆ.

ಮನೆಯವರ ಕೈಯಲ್ಲಿರುವುದು

ಮೊದಲನೆಯ ತಡ ಮನೆಯದು. “ಮಾವ ಹೊಲದಿಂದ ಬರಲಿ”, “ಅಮಾಸಿ ಕಳೀಲಿ” ಎಂದು ಕಾಯುವುದರಲ್ಲಿ ತಾಸುಗಳು ಹೋಗುತ್ತವೆ. ರಕ್ತಸ್ರಾವ, ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ ಕಂಡರೆ ಯಾರ ಅಪ್ಪಣೆಗೂ ಕಾಯದೆ 108ಕ್ಕೆ ಫೋನ್ ಮಾಡಬೇಕೆಂದು ಏಳನೇ ತಿಂಗಳಲ್ಲೇ ಮನೆಯವರೆಲ್ಲ ಮಾತನಾಡಿಕೊಂಡಿರಬೇಕು. ಅವಳದೇ ಗುಂಪಿನ ರಕ್ತ ಕೊಡಬಲ್ಲ ಇಬ್ಬರನ್ನೂ ಆಗಲೇ ಗೊತ್ತುಮಾಡಿಟ್ಟುಕೊಳ್ಳಿ.

ಕಬ್ಬಿಣಾಂಶದ ಮಾತ್ರೆಯನ್ನು ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೊಡಲಾಗುತ್ತದೆ. ಮಾತ್ರೆ ನುಂಗಿದರೆ ಕೂಸು ಕಪ್ಪಾಗುತ್ತದೆ, ದಪ್ಪನಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದು ಸುಳ್ಳು. ಕಪ್ಪಾಗುವುದು ಮಲ ಮಾತ್ರ, ಅದರಿಂದ ತೊಂದರೆಯಿಲ್ಲ. ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ನುಂಗಬಾರದು, ಎರಡು ತಾಸು ಅಂತರವಿರಲಿ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಲಿ, ಆದರೆ ಬಿಡಬಾರದು.

ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಎಂದು ಬರೆದ ಜಾಗವಿದೆ. ಅಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಸಾಲದು, ಹೆರಿಗೆ ನೋವು ಬರುವವರೆಗೆ ಕಾಯದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಆ ಜಾಗ ಖಾಲಿ ಬಿಟ್ಟಿದ್ದರೆ ಬರೆಸಿಕೊಂಡೇ ಹೋಗಿ. ಅದನ್ನು ಕೇಳಲು ಸಂಕೋಚ ಬೇಡ.